ಕಾರ್ಯಾಚರಣಾ ವ್ಯವಸ್ಥೆಯ ಉನ್ನತೀಕರಣ ಮತ್ತು ಕನ್ನಡ ತಂತ್ರಾಂಶಗಳು

ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆಯ ಹಳೆಯ ಆವೃತ್ತಿಯ ಸ್ಥಾನದಲ್ಲಿ ಹೊಸ ಆವೃತ್ತಿಯನ್ನು ಅಳವಡಿಸುವುದನ್ನು ಉನ್ನತೀಕರಣ ಅಥವಾ ಅಪ್‌ಗ್ರೇಡ್ ಎನ್ನುತ್ತಾರೆ. ವ್ಯವಸ್ಥೆಯೊಡನೆ ಬಾರದೆ, ಬಳಕೆದಾರರು ಪ್ರತ್ಯೇಕವಾಗಿ ಹಾಕಿಕೊಂಡ ನುಡಿ, ಬರಹ, ಪೇಜ್‌ಮೇಕರ್‌ನಂತಹ ಅನ್ಯ ತಂತ್ರಾಂಶಗಳು ಈ ಸಂದರ್ಭದಲ್ಲಿ ಹೆಚ್ಚು ತೊಡಕಿಗೆ ಸಿಲುಕುತ್ತವೆ.

ಉನ್ನತೀಕರಣದ ಅಗತ್ಯ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಅನಂತರ ಭದ್ರತಾ ಪರಿಷ್ಕರಣೆಗಳು ಎಂದಿನಂತೆ ದೊರೆಯುವುದಿಲ್ಲ. ವಿಂಡೋಸ್ 11ಕ್ಕೆ 64 ಬಿಟ್ ಸಂಸ್ಕಾರಕ, ಕನಿಷ್ಠ 4 ಜಿಬಿ ರ‍್ಯಾಮ್ ಹಾಗೂ ಟಿಪಿಎಂ 2.0 ಬೇಕು; ಹಳೆಯ ಯಂತ್ರಗಳು ಹಲವು ಇಲ್ಲಿಯೇ ಹಿಂದುಳಿಯುತ್ತವೆ. 32 ಬಿಟ್ ವ್ಯವಸ್ಥೆಗಾಗಿ ರಚಿಸಿದ ಮುದ್ರಕದ ಚಾಲಕ ತಂತ್ರಾಂಶವೂ ಅದರಲ್ಲಿ ನಡೆಯದು.

ಕನ್ನಡ ಕಡತಗಳ ಸಮಸ್ಯೆ

ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಬಹುಕಾಲ ನಡೆದದ್ದು ಹಳೆಯ ಸಂಕೇತ ಪದ್ಧತಿ. ಅದರಲ್ಲಿ ಕಡತದೊಳಗೆ ಇರುವುದು ವಾಸ್ತವವಾಗಿ ಇಂಗ್ಲಿಷ್ ಮತ್ತಿತರ ರೋಮನ್ ಚಿಹ್ನೆಗಳು. ಅವುಗಳಿಗೆ ಕನ್ನಡದ ರೂಪ ಕೊಡುವುದು ಅಕ್ಷರಶೈಲಿ, ಅಂದರೆ ಫಾಂಟ್.

ಉದಾಹರಣೆಗೆ, ಕಲಬುರಗಿ ನಗರದ ಡಿಟಿಪಿ ಅಂಗಡಿಯೊಂದರಲ್ಲಿ ನುಡಿ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಕಡತವು ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರದ ಶಾಲೆಯೊಂದರ ಗಣಕದಲ್ಲಿದೆ ಎನ್ನೋಣ. ದುರಸ್ತಿಯವರು ‘ಸಿ’ ಡ್ರೈವ್ ಅಳಿಸಿ ಹೊಸ ವಿಂಡೋಸ್ ಹಾಕಿದರೆ ‘ಡಿ’ ಡ್ರೈವ್‌ನಲ್ಲಿದ್ದ ಕಡತ ಉಳಿಯುತ್ತದೆ. ‘ಸಿ’ಯಲ್ಲಿದ್ದ ಅಕ್ಷರಶೈಲಿ ಅಳಿಯುತ್ತದೆ. ತೆರೆದಾಗ ಅರ್ಥವಾಗದ ರೋಮನ್ ಚಿಹ್ನೆಗಳಷ್ಟೇ ಕಾಣುತ್ತವೆ. ಕಡತ ಹಾಳಾಯಿತೆಂದು ತಿಳಿದು ಅದನ್ನು ಅಳಿಸಿಬಿಡುವವರೂ ಉಂಟು. ಅದೇ ಅಕ್ಷರಶೈಲಿಯನ್ನು ಮರಳಿ ಹಾಕಿದರೆ ಓದಬಹುದು.

ಹುಡುಕಾಟದ ತೊಡಕು ಬೇರೆಯೇ ಇದೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ನಗರದ ಹೆಸರು ಅಧಿಕೃತವಾಗಿ ಕಲಬುರಗಿ ಎಂದಾಯಿತು. ಹಳೆಯ ಕಡತಗಳಲ್ಲಿ ‘ಗುಲ್ಬರ್ಗಾ’ ಎಂದಿರುವೆಡೆಗಳನ್ನು ಯುನಿಕೋಡ್‌ನಲ್ಲಿ ಟೈಪಿಸಿ ಹುಡುಕಿದರೆ, ಪರದೆಯ ಮೇಲೆ ಆ ಪದ ಕಣ್ಣೆದುರಿಗಿದ್ದರೂ ಗಣಕಕ್ಕೆ ಸಿಗುವುದಿಲ್ಲ.

ಪರಿಹಾರವೆಂದರೆ ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಾಯಿಸುವುದು. ಪರಿವರ್ತಕವು ಕಡತದ ಅಕ್ಷರಶೈಲಿಗೆ ತಕ್ಕದ್ದಾಗಿರಬೇಕು. ಅರ್ಕಾವೊತ್ತು, ಒತ್ತಕ್ಷರಗಳಲ್ಲಿ ದೋಷ ಉಳಿಯಬಹುದು; ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಆದುದರಿಂದ ಮೂಲಪ್ರತಿಯೊಡನೆ ಒಮ್ಮೆ ಓದಿ ನೋಡದೆ ಮೂಲವನ್ನು ಅಳಿಸಬಾರದು.

ಪೂರ್ವಸಿದ್ಧತೆ

ಕಡತಗಳ ಜೊತೆಗೆ ಅಕ್ಷರಶೈಲಿಗಳನ್ನೂ ತಂತ್ರಾಂಶಗಳ ಸ್ಥಾಪನಾ ಪ್ರತಿಗಳನ್ನೂ ಬೇರೆ ಡಿಸ್ಕ್‌ನಲ್ಲಿ ಇರಿಸಿಕೊಳ್ಳುವುದು ಅವಶ್ಯ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಅದರ ಸಿ.ಡಿ. ಕಳೆದರೆ ಮತ್ತೆ ದೊರೆಯುವುದು ಕಷ್ಟ. ಹಳೆಯದನ್ನು ಅಳಿಸದೆ ವಿಂಡೋಸ್ 11ಕ್ಕೆ ಏರಿದವರು ಸಾಮಾನ್ಯವಾಗಿ 10 ದಿನಗಳೊಳಗೆ ಹಿಂದಿನ ಆವೃತ್ತಿಗೆ ಮರಳಬಹುದು. ಉಬುಂಟು ಬಳಸುವವರು ಬೇರೆ ಭಂಡಾರಗಳಿಂದ ಪಡೆದ ತಂತ್ರಾಂಶಗಳನ್ನು ಗಮನಿಸಬೇಕು: ಆವೃತ್ತಿ ಬದಲಾಗುವಾಗ ಆ ಭಂಡಾರಗಳು ತಾವಾಗಿಯೇ ನಿಷ್ಕ್ರಿಯಗೊಳ್ಳುತ್ತವೆ, ಅನಂತರ ಅವನ್ನು ಕೈಯಾರೆ ಸಕ್ರಿಯಗೊಳಿಸಬೇಕಾಗುತ್ತದೆ.