ಮಿಡಿ, ಹಸೆ, ಬೆಂಡು: ‘ಸುಲಭ ವಿಧಾನ’ದ ಸತ್ಯಾಸತ್ಯ

ಮೇಲೆ ಎಣ್ಣೆ ನಿಲ್ಲದಿದ್ದರೆ ಉಪ್ಪಿನಕಾಯಿ ಕೆಡುತ್ತದೆ ಎಂಬುದು ಮೊಬೈಲ್ ನೋಡಿ ಉಪ್ಪಿನಕಾಯಿ ಹಾಕಲು ಹೊರಟವರ ಮೊದಲ ನಂಬಿಕೆ. ಶಿಕಾರಿಪುರ, ಸೊರಬ ಸೀಮೆಯ ಮನೆಗಳಲ್ಲಿ ವರ್ಷ ದಾಟಿಯೂ ಉಳಿಯುವ ಮಾವಿನ ಮಿಡಿ ಉಪ್ಪಿನಕಾಯಿಗೆ ಸಾಮಾನ್ಯವಾಗಿ ಎಣ್ಣೆ ಸೋಕಿಸುವುದೇ ಇಲ್ಲ. ಎಣ್ಣೆ ಗಾಳಿಯನ್ನು ತಡೆಯಬಲ್ಲದು, ಅಷ್ಟೆ. ಮಿಡಿಯನ್ನು ಕಾಯುವುದು ಉಪ್ಪು. ತೊಟ್ಟಿನ ಸಮೇತ ಕೊಯ್ದ ಮಿಡಿಯನ್ನು ತೊಳೆದು, ಬಟ್ಟೆಯ ಮೇಲೆ ಹರಡಿ, ಪಸೆ ಪೂರ್ತಿ ಆರಿದ ಮೇಲೆ ಭರಣಿಗೆ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಎಂದು ತುಂಬುತ್ತಾರೆ. ಉಪ್ಪು ಕಾಯಿಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಎರಡು ಮೂರು ದಿನಕ್ಕೆ ಭರಣಿಯ ತಳದಲ್ಲಿ ನೀರು ಕಾಣಿಸಿಕೊಳ್ಳುತ್ತದೆ; 10–15 ದಿನ ಕಳೆಯುವ ಹೊತ್ತಿಗೆ ಹಸಿರು ಮಾಸಿ, ಸಿಪ್ಪೆ ನಿರಿಗೆ ಬಿದ್ದು, ಮಿಡಿ ಚಿರುಟಿಕೊಂಡಿರುತ್ತದೆ. ಆಮೇಲೆ ಅದೇ ಉಪ್ಪುನೀರನ್ನು ಕುದಿಸಿ ಆರಿಸಿ, ಸಾಸಿವೆ, ಒಣಮೆಣಸು, ಅರಿಸಿನದ ಖಾರಕ್ಕೆ ಬಳಸುತ್ತಾರೆ.

‘ಅರ್ಧ ಗಂಟೆಯಲ್ಲಿ ಮಿಡಿ ಉಪ್ಪಿನಕಾಯಿ’ ಮಾಡುವ ವಿಧಾನದಲ್ಲಿ ಕಾಣೆಯಾಗುವುದು ಈ ಎರಡು ವಾರ. ಚಿರುಟದ ಮಿಡಿಗೆ ಖಾರ ಬೆರೆಸಿದರೆ ಕಾಯಿ ನೀರು ಬಿಡುವುದು ಖಾರ ಬಿದ್ದ ಮೇಲೆ. ಖಾರ ತೆಳ್ಳಗಾಗುತ್ತದೆ, ಉಪ್ಪಿನ ಬಲ ಇಳಿಯುತ್ತದೆ, ಬೂಸಲು ಬರುತ್ತದೆ. ನಾಲ್ಕು ದಿನದಲ್ಲಿ ತಿಂದು ಮುಗಿಸುವುದಾದರೆ ತಪ್ಪಿಲ್ಲ. ಅದು ಉಪ್ಪಿನಕಾಯಿಗಿಂತ ಖಾರ ಹಚ್ಚಿದ ಮಾವಿನಕಾಯಿ, ಮತ್ತು ಹಾಗೆಂದೇ ಚೆನ್ನಾಗಿರುತ್ತದೆ.

ಅಯೋಡಿನ್ ಉಪ್ಪು ಹಾಕಿದರೆ ಉಪ್ಪಿನಕಾಯಿ ಕೊಳೆಯುತ್ತದೆ ಎಂಬ ಮಾತೂ ಉಂಟು. ಅಯೋಡಿನ್ ಅದನ್ನು ಕೆಡಿಸುವುದಿಲ್ಲ. ತೊಡಕಿರುವುದು ಅಳತೆಯಲ್ಲಿ. ಕಲ್ಲುಪ್ಪಿನ ಹರಳುಗಳ ನಡುವೆ ಸಂದು ಇರುವುದರಿಂದ ಒಂದು ಸೇರು ಕಲ್ಲುಪ್ಪಿಗಿಂತ ಒಂದು ಸೇರು ಪುಡಿ ಉಪ್ಪು ಹೆಚ್ಚು ತೂಗುತ್ತದೆ. ಅಜ್ಜಿಯ ಸೇರಿನ ಲೆಕ್ಕಕ್ಕೆ ಪ್ಯಾಕೆಟ್ ಉಪ್ಪು ಸುರಿದರೆ ಬಾಯಿಗಿಡಲಾಗದು. ಬೆದರಿ ಕಡಿಮೆ ಮಾಡಿದರೆ ಬೂಸಲು. ಪುಡಿ ಉಪ್ಪು ಗಟ್ಟಿಯಾಗದಂತೆ ಬೆರೆಸುವ ಪದಾರ್ಥದಿಂದ ನೀರು ತುಸು ಕದಡಬಹುದು, ಕೆಟ್ಟಿತೆಂದು ಅದನ್ನು ಚೆಲ್ಲಬೇಕಾಗಿಲ್ಲ.

ಎಳೆಯದಾಗಿರುವ ಮಾವೆಲ್ಲ ಅಪ್ಪೆಮಿಡಿ ಎಂಬುದೂ ನಿಜವಲ್ಲ. ಅಪ್ಪೆಮಿಡಿ ಮಲೆನಾಡಿನ ಹೊಳೆ, ಹಳ್ಳಗಳ ದಂಡೆಯ ಕಾಡುಮಾವಿನದು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದದ್ದು. ಅನಂತಭಟ್ಟನ ಅಪ್ಪೆ, ಮಾಳಂಜಿ ಎಂದು ಮರಮರಕ್ಕೂ ಹೆಸರು. ಅದರ ಪರಿಮಳ ಇರುವುದು ಸೊನೆಯಲ್ಲಿ. ತೊಟ್ಟು ಕಿತ್ತರೆ ಸೊನೆ ಸೋರಿಹೋಗುತ್ತದೆ, ಕಾಯಿಗೆ ಕೊಳೆ ನುಗ್ಗಲು ದಾರಿಯೂ ಆಗುತ್ತದೆ. ನೆಲಕ್ಕುದುರಿ ಪೆಟ್ಟು ತಿಂದ ಮಿಡಿಯನ್ನು ಅನುಭವಸ್ಥರು ಭರಣಿಯ ಹತ್ತಿರಕ್ಕೂ ತರುವುದಿಲ್ಲ.

ದೋಸೆ ಹಿಟ್ಟಿನ ವಿಷಯ ಚಿಕ್ಕದು. ಸೋಡಾ ಹಾಕಿ ಉಬ್ಬಿಸಿದ್ದೂ ರಾತ್ರಿಯಿಡೀ ಹುಳಿ ಬಂದದ್ದೂ ಒಂದೇ ಎನ್ನುವವರಿದ್ದಾರೆ. ಎರಡರಲ್ಲೂ ಉಬ್ಬಿಸುವ ಅನಿಲ ಒಂದೇ, ಇಂಗಾಲದ ಡೈಆಕ್ಸೈಡ್. ಆದರೆ ಸೋಡಾ ಮಜ್ಜಿಗೆಯ ಹುಳಿಗೆ ತಾಗಿದ ಕೂಡಲೇ ಅದನ್ನು ಬಿಟ್ಟು ಸುಮ್ಮನಾಗುತ್ತದೆ. ರುಬ್ಬಿದ ಹಿಟ್ಟಿನ ಬ್ಯಾಕ್ಟೀರಿಯಾಗಳು 8–12 ಗಂಟೆ ದುಡಿದು ಅನಿಲದ ಜೊತೆಗೆ ಲ್ಯಾಕ್ಟಿಕ್ ಆಮ್ಲವನ್ನೂ ಉಂಟುಮಾಡುತ್ತವೆ. ದೋಸೆಯ ಹುಳಿರುಚಿ ಅದರದು. ಮಳೆಗಾಲದ ಥಂಡಿಯಲ್ಲಿ ಹಿಟ್ಟು ಹುಳಿ ಬರದಿದ್ದರೆ ಉದ್ದನ್ನು ದೂರಿ ಫಲವಿಲ್ಲ, ಪಾತ್ರೆಯನ್ನು ಒಲೆಯ ಬದಿಗೆ ಇಟ್ಟರಾಯಿತು.

ಕೈಕೆಲಸದಲ್ಲಿ ಹೆಚ್ಚು ಗೊಂದಲಕ್ಕೆ ಸಿಕ್ಕಿರುವುದು ಹಸೆ ಚಿತ್ತಾರ. ಇದನ್ನು ವರ್ಲಿಯ ಮಲೆನಾಡು ರೂಪ ಎಂದು ತಿಳಿದವರು ಬಹಳ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಂಬಷ್ಟೇ ಎರಡಕ್ಕೂ ಸಮಾನ. ಮಹಾರಾಷ್ಟ್ರದ ವರ್ಲಿಯಲ್ಲಿ ತ್ರಿಕೋನದ ಮೈಯ ಮನುಷ್ಯರು ಕುಣಿಯುತ್ತಾರೆ, ಉಳುತ್ತಾರೆ. ಸೊರಬ, ಸಾಗರ ಸೀಮೆಯ ದೀವರ ಹೆಂಗಸರು ಬರೆಯುವ ಹಸೆಯ ಜೀವ ಇರುವುದು ಎಳೆಗಳಲ್ಲಿ: ಒಂದರ ಪಕ್ಕ ಒಂದು, ಒಂದರ ಮೇಲೊಂದು ಹಾಯುವ ಸಣ್ಣ ನೇರ ಗೆರೆಗಳಲ್ಲಿ. ಮದುವೆಯಲ್ಲಿ ವಧೂವರರನ್ನು ಕೂರಿಸುವ ಹಸೆಯ ಹಿಂದಿನ ಗೋಡೆಗೆ ಬರೆಯುವುದರಿಂದ ಈ ಹೆಸರು. ಭೂಮಿ ಹುಣ್ಣಿಮೆಯಲ್ಲಿ ಚರಗ ಒಯ್ಯುವ ಬುಟ್ಟಿಗೂ ಚಿತ್ತಾರ ಬೀಳುತ್ತದೆ.

ಅಕ್ಕಿಹಿಟ್ಟು ಗಟ್ಟಿಯಾದಷ್ಟೂ ಬಿಳಿ ಎದ್ದು ಕಾಣುತ್ತದೆ ಎಂಬ ನಂಬಿಕೆಯಿಂದ ಹೊಸಬರ ಬುಟ್ಟಿ ಹಾಳಾಗುತ್ತದೆ. ನೆನೆಸಿ ನುಣ್ಣಗೆ ರುಬ್ಬಿದ ಅಕ್ಕಿಯ ತಿಳಿಹಿಟ್ಟಿನಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಎಳೆದ ಗೆರೆ ಹಸಿಯಿದ್ದಾಗ ಇದೆಯೋ ಇಲ್ಲವೋ ಎಂಬಂತಿರುತ್ತದೆ. ಬಿಳಿ ಏಳುವುದು ಒಣಗುತ್ತಾ ಬಂದ ಮೇಲೆ. ಕಾಯಲಾಗದೆ ಮೇಲೆ ಮೇಲೆ ಬಳಿದರೆ ಹಿಟ್ಟು ಒಣಗಿ ಬಿರಿದು ಹಕ್ಕಳೆಯಾಗಿ ಉದುರುತ್ತದೆ. ಸಗಣಿ ಸಾರಿಸಿ ಕೆಮ್ಮಣ್ಣು ಬಳಿದ ಮೈ ಈ ನೀರನ್ನು ಹೀರಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಪೇಂಟ್ ಹೊಡೆದ ಗೋಡೆ, ಪ್ಲಾಸ್ಟಿಕ್ ಬುಟ್ಟಿ ಹೀರುವುದಿಲ್ಲ, ಅಲ್ಲಿ ಅಕ್ರಿಲಿಕ್ ಬಣ್ಣವೇ ಗತಿ.

ಕಪ್ಪು ಬಣ್ಣ ಅಕ್ಕಿಯನ್ನು ಕರಿಯಾಗುವಂತೆ ಹುರಿದು ಅರೆದದ್ದು, ಹಳದಿ ಗುರಿಗೆ ಕಾಯಿಯದು. ಗುರಿಗೆ ಸಿಗದಿದ್ದರೆ ಅರಿಸಿನ ಸಾಕು ಎನ್ನುವುದುಂಟು. ಅರಿಸಿನ ಬಿಸಿಲಿಗೆ ಬೇಗ ಮಾಸುತ್ತದೆ. ಸುಣ್ಣ ಬಳಿದ ಗೋಡೆಯ ಮೇಲಂತೂ ಹಳದಿಯಾಗಿಯೇ ಉಳಿಯುವುದಿಲ್ಲ: ಆರತಿಯ ಓಕುಳಿ ಕೆಂಪಾಗುವಂತೆ ಕೆಂಪಾಗುತ್ತದೆ. ಅರಿಸಿನದ ಕರ್ಕ್ಯುಮಿನ್ ಕ್ಷಾರಕ್ಕೆ ತಾಗಿದಾಗ ಬಣ್ಣ ಬದಲಿಸುವುದೇ ಇದಕ್ಕೆ ಕಾರಣ.

ಬಾಸಿಂಗದ ಬೆಂಡನ್ನು ಹಳೆಯ ಕಾಲದ ಥರ್ಮಕೋಲ್ ಎನ್ನುವುದೂ ತಪ್ಪು. ಗಂಧದ ಕೆತ್ತನೆಗೆ ಹೆಸರಾದ ಸೊರಬ, ಸಾಗರದ ಗುಡಿಗಾರರು ಬಳಸುವ ಬೆಂಡು, ಕೆರೆಯ ಜೌಗಿನಲ್ಲಿ ಬೆಳೆಯುವ ಗಿಡದ ಕಾಂಡದ ತಿರುಳು. ಹರಿತವಾದ ಕತ್ತಿಯಲ್ಲಿ ಅದನ್ನು ಕಾಗದದಷ್ಟು ತೆಳ್ಳಗೆ ಸುಲಿಯಬಹುದು, ನೀರಿನ ಬಣ್ಣವನ್ನೂ ಅದು ಹೀರುತ್ತದೆ. ಥರ್ಮಕೋಲ್ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ತೆಳ್ಳಗೆ ಕೊಯ್ಯಹೋದರೆ ಕಾಳುಕಾಳಾಗಿ ಉದುರುತ್ತದೆ. ಅದಕ್ಕೆ ಬಂಗಾರದ ಸ್ಪ್ರೇ ಬಣ್ಣ ಹೊಡೆದವರಿಗೆ ಇನ್ನೊಂದು ಅಚ್ಚರಿ ಕಾದಿರುತ್ತದೆ: ಬಣ್ಣದಲ್ಲಿರುವ ದ್ರಾವಕ ಥರ್ಮಕೋಲನ್ನೇ ಕರಗಿಸಿ, ನೋಡನೋಡುತ್ತಲೇ ಗುಳಿ ಬೀಳಿಸುತ್ತದೆ.