ಹೆತ್ತವರಿಗೆ ಹೆಗ್ಗಣ ಮುದ್ದು, ಸ್ಕೋರರ್‌ಗೆ ತವರು ಮುದ್ದು!

ಬಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಬುಟ್ಟಿಗೆ ಬಿತ್ತೋ ಇಲ್ಲವೋ ಎನ್ನಲು ಯಾರ ಅಭಿಪ್ರಾಯವೂ ಬೇಕಿಲ್ಲ. ಆದರೆ ‘ಅಸಿಸ್ಟ್’ ಹಾಗಲ್ಲ. ಬುಟ್ಟಿಗೆ ನೇರ ದಾರಿ ಮಾಡಿಕೊಟ್ಟ ಪಾಸ್‌ಗೆ ಅಸಿಸ್ಟ್ ಸಿಗುತ್ತದೆ. ಪಾಸ್ ಪಡೆದವನು ಎರಡು ಸಲ ಚೆಂಡು ಪುಟಿಸಿ, ಎದುರಾಳಿಯನ್ನು ತಪ್ಪಿಸಿ ಹೊಡೆದರೆ ಶ್ರೇಯ ಯಾರಿಗೆ? ಅದನ್ನು ತೀರ್ಮಾನಿಸುವುದು ಅಂಗಳದ ಪಕ್ಕ ಕುಳಿತ ಸ್ಕೋರರ್‌ನ ಕಣ್ಣು.

ನಮ್ಮ ಜನವಾಡದಲ್ಲಿ ಕಬಡ್ಡಿ, ಕ್ರಿಕೆಟ್‌ನದೇ ಮಾತು. ಆದರೂ ಕಳೆದ ರಜೆಯಲ್ಲಿ ನಾನೂ ಗೆಳೆಯನೂ ಮೊಬೈಲ್‌ನಲ್ಲಿ ಒಂದು ಬಾಸ್ಕೆಟ್‌ಬಾಲ್ ಪಂದ್ಯ ಹಾಕಿಕೊಂಡು, ಬೇರೆ ಬೇರೆ ಹಾಳೆಯಲ್ಲಿ ಲೆಕ್ಕ ಬರೆದೆವು. ಅಂಕಗಳು ಸರಿಯಾಗಿ ಹೊಂದಿದವು. ಅಸಿಸ್ಟ್ ಮಾತ್ರ ತಾಳೆಯಾಗಲಿಲ್ಲ. ಇಬ್ಬರೂ ಸುಳ್ಳು ಬರೆದಿರಲಿಲ್ಲ, ನೋಡಿದ ಕಣ್ಣು ಬೇರೆ, ಅಷ್ಟೇ.

ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಈ ಲೆಕ್ಕದವರನ್ನು ನೇಮಿಸುತ್ತಾ ಬಂದದ್ದು ತವರು ತಂಡಗಳೇ. ಹಾಗಾಗಿ ಸಂಖ್ಯಾಶಾಸ್ತ್ರ ಬಲ್ಲವರು ಒಬ್ಬನೇ ಆಟಗಾರನ ತವರಿನ ಮತ್ತು ಹೊರಗಿನ ಅಂಕಿಅಂಶಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅಲ್ಲಿಗೇ ನಿಲ್ಲುವುದಿಲ್ಲ. ಅದೇ ಅಂಗಳ ಅತಿಥಿ ತಂಡಕ್ಕೂ ಅಷ್ಟೇ ಅಸಿಸ್ಟ್ ಕೊಟ್ಟಿದೆಯೇ ಎಂದೂ ಕೇಳುತ್ತಾರೆ. ಇಬ್ಬರಿಗೂ ಹೆಚ್ಚು ಕೊಟ್ಟಿದ್ದರೆ ಅದು ಧಾರಾಳತನ, ಮನೆಯವರಿಗೆ ಮಾತ್ರ ಕೊಟ್ಟಿದ್ದರೆ ಪಕ್ಷಪಾತ. 1997ರಲ್ಲಿ ವ್ಯಾಂಕೂವರ್‌ನಲ್ಲಿ ಅತಿಥಿ ತಂಡದ ನಿಕ್ ವ್ಯಾನ್ ಎಕ್ಸೆಲ್‌ಗೆ 23 ಅಸಿಸ್ಟ್ ದಾಖಲಾದವು. ಬೇಕೆಂದೇ ಧಾರಾಳವಾಗಿ ಬರೆದಿದ್ದಾಗಿ ಅಲ್ಲಿನ ಸ್ಕೋರರ್ ವರ್ಷಗಳ ನಂತರ ಒಪ್ಪಿಕೊಂಡರು.

ಪಿಯುಸಿ ಲ್ಯಾಬ್‌ನ ವರ್ನಿಯರ್ ಕ್ಯಾಲಿಪರ್ಸ್ ನೆನಪಿದೆಯಲ್ಲ? ಝೀರೊ ಎರರ್ ಇದ್ದರೆ ಅದನ್ನು ಎಸೆಯುವುದಿಲ್ಲ, ದೋಷವೆಷ್ಟೆಂದು ತಿಳಿದು ಕಳೆಯುತ್ತೇವೆ. ಇಲ್ಲೂ ಅಷ್ಟೇ.

ಹಾಗಂತ ವ್ಯತ್ಯಾಸ ಕಂಡಲ್ಲೆಲ್ಲ ಮೋಸವಿದೆ ಎನ್ನುವಂತಿಲ್ಲ. 2023ರ ಜನವರಿಯಲ್ಲಿ ಮೆಂಫಿಸ್ ತಂಡದ ಜಾರೆನ್ ಜಾಕ್ಸನ್ ಜೂನಿಯರ್‌ಗೆ ತವರಿನಲ್ಲಿ ಬ್ಲಾಕ್‌ಗಳನ್ನು ಉದಾರವಾಗಿ ಬರೆಯುತ್ತಿದ್ದಾರೆಂದು ಅಭಿಮಾನಿಯೊಬ್ಬ ಆರೋಪಿಸಿದ. ಪ್ರಶ್ನಿಸಿದ ದಾಖಲೆಗಳೆಲ್ಲ ನಿಯಮದಂತೆಯೇ ಇವೆ, ಅಂಗಳದಲ್ಲಿ ಬರೆದದ್ದನ್ನು ಬೇರೆ ಪರಿಶೀಲಕರೂ ನೋಡುತ್ತಾರೆ ಎಂದು ಲೀಗ್ ಉತ್ತರಿಸಿತು. ಎರಡನೇ ಕಣ್ಣು ತಪ್ಪು ಹಿಡಿಯುವುದಷ್ಟೇ ಅಲ್ಲ, ಸರಿ ಇದ್ದವರನ್ನು ಕಾಪಾಡುತ್ತದೆ ಕೂಡ.

ಈ ಪಾಠ ನಮ್ಮ ಕನ್ನಡಿಗರೊಬ್ಬರಿಗೆ ಚೆನ್ನಾಗಿ ಗೊತ್ತಿತ್ತು. 2002ರಿಂದ ಟೆಸ್ಟ್ ಕ್ರಿಕೆಟ್‌ನಲ್ಲಿ ಇಬ್ಬರೂ ಅಂಪೈರ್‌ಗಳು ತಟಸ್ಥ ದೇಶದವರಾಗಿರುತ್ತಿದ್ದರು. ಕೊರೊನಾ ಬಂದು ಪ್ರಯಾಣ ಕಷ್ಟವಾದಾಗ, 2020ರಲ್ಲಿ ಅನಿಲ್ ಕುಂಬ್ಳೆ ಅಧ್ಯಕ್ಷತೆಯ ಐಸಿಸಿ ಕ್ರಿಕೆಟ್ ಸಮಿತಿ ಸ್ಥಳೀಯ ಅಂಪೈರ್‌ಗಳಿಗೆ ಒಪ್ಪಿತು. ಜೊತೆಗೆ ಪ್ರತಿ ಇನಿಂಗ್ಸ್‌ಗೆ ಒಂದು ಡಿಆರ್‌ಎಸ್ ಹೆಚ್ಚಿಸಲು ಹೇಳಿತು. ಯಾರನ್ನೂ ಕಳ್ಳರೆನ್ನಲಿಲ್ಲ, ಮರುಪರಿಶೀಲನೆಗೆ ಬಾಗಿಲು ತೆರೆದಿಟ್ಟಿತು.

ಇದೆಲ್ಲ ನಮಗೇಕೆ ಅಂತೀರಾ? ವಿಟಿಯು ಬಿಇ ಥಿಯರಿ ವಿಷಯವೊಂದರ 100 ಅಂಕಗಳಲ್ಲಿ 50 ಕಾಲೇಜಿನ ಆಂತರಿಕ ಮೌಲ್ಯಮಾಪನದ್ದು, 50 ವಿಶ್ವವಿದ್ಯಾಲಯ ಪರೀಕ್ಷೆಯದ್ದು. ಒಂದು ತವರಿನ ಲೆಕ್ಕ, ಇನ್ನೊಂದು ಹೊರಗಿನದು. ಎರಡೂ ಸೇರಿದ ಸಿಜಿಪಿಎ ಮೇಲೆ ಪ್ಲೇಸ್‌ಮೆಂಟ್‌ನ ಬಾಗಿಲು ನಿಂತಿದೆ. ವರ್ಷವಿಡೀ ನಮ್ಮನ್ನು ನೋಡಿದ ಮೇಷ್ಟ್ರ ಲೆಕ್ಕಕ್ಕೆ ಖಂಡಿತ ಬೆಲೆಯಿದೆ. ಮೂರು ಗಂಟೆಯ ಪರೀಕ್ಷೆ ಕಾಣದ್ದನ್ನು ಅವರು ಕಂಡಿರುತ್ತಾರೆ. ಆದರೆ ಬೀದರ್ ದಾಟಿ ಹೈದರಾಬಾದ್, ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಕೂತಾಗ ನಮ್ಮ ಸ್ಕೋರರ್ ಪಕ್ಕದಲ್ಲಿರುವುದಿಲ್ಲ.

ಹಾಗಾಗಿ ಗೆಳೆಯರೇ, ನಿಮ್ಮ ಎರಡು ಅಂಕಣಗಳನ್ನು ನೀವೇ ಪಕ್ಕಪಕ್ಕ ಬರೆದು ನೋಡಿ. ಅಂತರ ದೊಡ್ಡದಿದ್ದರೆ ಯಾರನ್ನೂ ದೂರುವ ಮೊದಲು ಗೇಟ್‌ನ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ, ಆನ್‌ಲೈನ್ ಕೋಡಿಂಗ್ ಸ್ಪರ್ಧೆಯೊಂದಕ್ಕೆ ಹೆಸರು ಕೊಡಿ. ನಿಮ್ಮ ಹೆಸರು, ಊರು ಗೊತ್ತಿಲ್ಲದವರು ಕೊಡುವ ಅಂಕ ಕಡಿಮೆ ಬಂದರೂ ಪರವಾಗಿಲ್ಲ, ಎಲ್ಲಿಂದ ಶುರು ಮಾಡಬೇಕೆಂದು ಅದು ಹೇಳುತ್ತದೆ.