‘ದೆಸೆಯಿಂದ’ ಅಂತ ಯಾರಾದ್ರೂ ಮಾತಾಡ್ತಾರಾ?

ಭದ್ರಾವತಿಯಲ್ಲಿ ಬಸ್ ಇಳಿದವರು ಯಾರೂ ‘ಶಿವಮೊಗ್ಗದ ದೆಸೆಯಿಂದ ಬಂದೆ’ ಅನ್ನಲ್ಲ. ಆದರೂ ಶಾಲೆಯ ವಿಭಕ್ತಿ ಪಟ್ಟಿಯಲ್ಲಿ ಪಂಚಮಿ ಅಂದ್ರೆ ‘ದೆಸೆಯಿಂದ’. ‘ಇಂದ’ ಬರೆದರೆ ಅದು ತೃತೀಯಾ, ಅಂಕ ಹೋಯ್ತು! ಕಲ್ಲಿನಿಂದ ಹೊಡೆದೆ, ಊರಿಂದ ಬಂದೆ: ಆಡುಮಾತಲ್ಲಿ ಎರಡಕ್ಕೂ ಪ್ರತ್ಯಯ ಒಂದೇ. ಮತ್ತೆ ಏಳು ಯಾಕೆ? ಸಂಸ್ಕೃತದ ಲೆಕ್ಕ. 13ನೇ ಶತಮಾನದ ಕೇಶಿರಾಜನೂ ಪಂಚಮಿಗೆ ‘ಅತ್ತಣಿಂ’ ಕೊಟ್ಟು ಏಳು ತುಂಬಿಸಿದ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕ ಬರೆದದ್ದು ಇಂಥ ಎರವಲಿನ ವಿರುದ್ಧವೇ.

ಈಗ ಭದ್ರಾವತಿಯನ್ನೇ ನೋಡಿ. ಕಬ್ಬಿಣದ ಕಾರ್ಖಾನೆಯಿಂದ ಬೆಳೆದ ಈ ಊರಲ್ಲಿ ಕನ್ನಡದ ಜೊತೆ ತಮಿಳು, ತೆಲುಗು, ಉರ್ದು ಎಲ್ಲವೂ ಕೇಳಿಸುತ್ತೆ. ಉರ್ದುವಿನಲ್ಲೂ ಕಲ್ಲಿಗೆ, ಊರಿಗೆ ಒಂದೇ ‘ಸೇ’. ತಮಿಳಿನಲ್ಲಿ ಹಾಗಲ್ಲ: ಕಲ್ಲಿಗೆ ‘ಆಲ್’, ಊರಿಗೆ ‘ಇರುಂದು’. ಹಾಗಾದರೆ ಮನೇಲಿ ತಮಿಳು, ಬೀದೀಲಿ ಕನ್ನಡ ಆಡುವ ಹುಡುಗಿ ತನ್ನ ಕನ್ನಡದಲ್ಲಿ ಈ ಎರಡನ್ನೂ ಬೇರೆ ಮಾಡ್ತಾಳಾ? ಪಕ್ಕದ ಮನೆಯ ಉರ್ದು ಹುಡುಗ? ಪಟ್ಟಿ ಬಾಯಿಪಾಠ ಮಾಡಿದರೆ ಉತ್ತರ ಸಿಗಲ್ಲ, ಅವರ ಮಾತು ಕೇಳಿಸಿಕೊಳ್ಳಬೇಕು. 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯ ಇದೇ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. ಸಂಶೋಧನೆಗೆ ಬೇಕಿರೋದು ಬಸ್ ಚಾರ್ಜು, ಒಂದು ಮೊಬೈಲು.